ಗೈರುಹಾಜರಿಯ ಲೆಕ್ಕ

(ಬಾನುಲಿ ಭಾಷಣ)

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಹೊತ್ತು ಒಂದು ರೋಗವನ್ನು ಕುರಿತು ಮಾತನಾಡಲು ಕುಳಿತಿದ್ದೇನೆ. ಅದಕ್ಕೆ ಕಾರಣವಾದುದು ಒಂದು ಹಾಜರಿ ಪುಸ್ತಕ.

೧೯೯೦ರ ದಶಕದ ಮಾತು. ಶಿರಸಿಯ ಕಡೆಯ ಒಂದು ಕಾಲೇಜಿನಲ್ಲಿ ನಾನು ಬಿ.ಎ. ತರಗತಿಗಳಿಗೆ ಪಾಠ ಹೇಳುತ್ತಿದ್ದೆ. ಕೊನೆಯ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗ ಕೂಡುತ್ತಿದ್ದ. ಹಳಗನ್ನಡ ಪದ್ಯವನ್ನು ತಡವರಿಸದೆ ಅನ್ವಯಿಸಿ ಅರ್ಥ ಹೇಳಬಲ್ಲ ಹುಡುಗ. ಬಂದ ದಿನ ಮೈಯೆಲ್ಲ ಕಿವಿಯಾಗಿ ಕೇಳುವನು. ಆದರೆ ಬರುವ ದಿನಗಳೇ ಕಡಮೆ. ಒಂದು ವಾರ ಬಂದರೆ ಹತ್ತು ದಿನ ಇಲ್ಲ. ಮರಳಿ ಬಂದಾಗ ಒಂದು ಕಾಲನ್ನು ತುಸು ಎಳೆದು ಹಾಕುವನು. ಕೇಳಿದರೆ, 'ಮನೆಯಲ್ಲಿ ಕೆಲಸವಿತ್ತು ಸರ್' ಎಂಬುದೊಂದೇ ಉತ್ತರ. ಅಡಿಕೆ ಕೊನೆ ಕೊಯ್ಲಿನ ಕಾಲವಾದ್ದರಿಂದ ನಾನೂ ನಂಬಿದೆ. ಒಂದು ದಿನ ತರಗತಿಯ ಎದುರಿಗೇ, 'ತೋಟ ಇದ್ದವರಿಗೆ ಓದಿನ ಹಂಗೇಕಪ್ಪ?' ಎಂದು ಹಂಗಿಸಿದೆ. ಎಲ್ಲರೂ ನಕ್ಕರು. ಅವನೂ ನಕ್ಕ. ವರ್ಷದ ಕೊನೆಗೆ ಶೇಕಡಾ ೭೫ ಹಾಜರಿ ತುಂಬದವರ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಅವನ ಹೆಸರಿತ್ತು. ನಾನು ರುಜು ಹಾಕಿದೆ. ಆ ವರ್ಷ ಅವನು ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಕಾಲೇಜಿಗೇ ಬರಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಮೇಲೆ ಶಿರಸಿಯ ಬಸ್ ನಿಲ್ದಾಣದಲ್ಲಿ ಅವನೇ ನನ್ನನ್ನು ಗುರುತಿಸಿ ಮಾತನಾಡಿಸಿದ. ಎಡಮಂಡಿ ಮಡಚದೆ ಬಿಗಿದುಕೊಂಡಿತ್ತು. ಕೈಯಲ್ಲಿ ಅಗಲ ಬಾಯಿಯ ಒಂದು ಥರ್ಮಾಸ್. 'ಚಹಾ ಕಟ್ಟಿಸಿಕೊಂಡು ಹೊರಟೆಯೇನಪ್ಪ?' ಎಂದೆ. 'ಚಹಾ ಅಲ್ಲ ಸರ್, ಮಂಜುಗಡ್ಡೆ. ನಡುವೆ ಮದ್ದಿನ ಸೀಸೆ ಇದೆ. ದಾವಣಗೆರೆಯಿಂದ ತರುತ್ತಿದ್ದೇನೆ' ಎಂದ. ಆ ಸೀಸೆಯ ಕಥೆ ಹೇಳುತ್ತ ಹೇಳುತ್ತ ತನ್ನ ಗೈರುಹಾಜರಿಯ ಕಥೆಯನ್ನೂ ಹೇಳಿದ. 'ಆಗಲೇ ಏಕೆ ಹೇಳಲಿಲ್ಲ?' ಎಂದು ಕೇಳಿದೆ. 'ಇಬ್ಬರು ತಂಗಿಯರಿದ್ದರಲ್ಲ ಸರ್' ಎಂದ. ಆ ಮಾತಿನ ಅರ್ಥವನ್ನು ತಿಳಿಯಬೇಕಾದರೆ ರೋಗದ ಬಗೆಯನ್ನು ಮೊದಲು ತಿಳಿಯಬೇಕು.

ಅದರ ಹೆಸರು ಹಿಮೋಫಿಲಿಯಾ. ಗ್ರೀಕ್ ಭಾಷೆಯಲ್ಲಿ 'ಹೈಮಾ' ಎಂದರೆ ರಕ್ತ, 'ಫಿಲಿಯಾ' ಎಂದರೆ ಪ್ರೀತಿ. ಈ ವಿಚಿತ್ರ ಸಮಾಸ ೧೮೨೮ರಲ್ಲಿ ಜರ್ಮನ್ ಭಾಷೆಯ ಪ್ರಬಂಧವೊಂದರ ಮೂಲಕ ಬಳಕೆಗೆ ಬಂತು. ಕನ್ನಡದಲ್ಲಿ ಇದನ್ನು ಕುಸುಮರೋಗ ಎನ್ನುವುದುಂಟು. ಹೆಸರು ಹೂವಿನಷ್ಟು ಮೃದು; ರೋಗ ಹಾಗಲ್ಲ. ಗಾಯವಾದಾಗ ನೆತ್ತರು ಹೆಪ್ಪುಗಟ್ಟುವುದು ಒಬ್ಬರ ಕೆಲಸದಿಂದ ಆಗತಕ್ಕದ್ದಲ್ಲ. ಮನೆಗೆ ಬೆಂಕಿ ಬಿದ್ದಾಗ ಊರವರು ಬಾವಿಯಿಂದ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೆ, ಹಾಗೆ ರಕ್ತದಲ್ಲಿರುವ ಹಲವು ಅಂಶಗಳು ಒಂದನ್ನೊಂದು ಎಬ್ಬಿಸುತ್ತ ಹೋಗಬೇಕು. ವೈದ್ಯರು ಇವುಗಳಿಗೆ ಫ್ಯಾಕ್ಟರ್ ಎಂದು ಹೆಸರಿಟ್ಟು ಸಂಖ್ಯೆ ಕೊಟ್ಟಿದ್ದಾರೆ. ಎಂಟನೆಯದು ಇಲ್ಲದಿದ್ದರೆ ಅಥವಾ ಸಾಲದಿದ್ದರೆ ಹಿಮೋಫಿಲಿಯಾ 'ಎ', ಒಂಬತ್ತನೆಯದಾದರೆ 'ಬಿ'. ಹುಟ್ಟುವ ಸುಮಾರು ೫,೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ಮೊದಲನೆಯ ಬಗೆ ಬರುತ್ತದೆ. ಎರಡನೆಯದು ಇನ್ನೂ ವಿರಳ. ಆ ಅಂಶ ಸಾಮಾನ್ಯ ಪ್ರಮಾಣದ ಶೇಕಡಾ ಒಂದಕ್ಕೂ ಕಡಮೆಯಿದ್ದರೆ ರೋಗ ತೀವ್ರವೆನಿಸುತ್ತದೆ.

ಸೂಜಿ ಚುಚ್ಚಿದರೆ ರಕ್ತವೆಲ್ಲ ಸೋರಿ ಸಾಯುತ್ತಾರೆಂಬ ನಂಬಿಕೆ ನಮ್ಮಲ್ಲಿದೆ. ಅದು ಸರಿಯಲ್ಲ. ಇವರ ರಕ್ತ ಬೇರೆಯವರದಕ್ಕಿಂತ ವೇಗವಾಗಿ ಹರಿಯುವುದಿಲ್ಲ. ಹೆಚ್ಚು ಹೊತ್ತು ಹರಿಯುತ್ತದೆ, ಅಷ್ಟೆ. ಚಿಕ್ಕಪುಟ್ಟ ಗೀರು ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಜವಾದ ಅಪಾಯ ಕಣ್ಣಿಗೆ ಕಾಣದ ರಕ್ತಸ್ರಾವದ್ದು. ತಲೆಯೊಳಗಾದರೆ ಪ್ರಾಣಕ್ಕೇ ಸಂಚಕಾರ. ಬಹಳ ಸಲ ಅದು ಆಗುವುದು ಮಂಡಿ, ಹರಡು, ಮೊಣಕೈಗಳ ಕೀಲುಗಳ ಒಳಗೆ. ಅನೇಕ ಸಲ ಪೆಟ್ಟೇ ಬಿದ್ದಿರುವುದಿಲ್ಲ. ರಾತ್ರಿ ನೆಟ್ಟಗೆ ಮಲಗಿದ ಹುಡುಗ ಬೆಳಗ್ಗೆ ಊದಿದ ಮಂಡಿಯೊಡನೆ ಏಳುತ್ತಾನೆ. ಕೀಲಿನೊಳಗೆ ಮತ್ತೆ ಮತ್ತೆ ರಕ್ತ ತುಂಬಿದರೆ ಅಲ್ಲಿನ ಮೆದು ಎಲುಬು ಸವೆದು, ಕಾಲು ಶಾಶ್ವತವಾಗಿ ಬಿಗಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಊತ ಕಂಡ ಕೂಡಲೆ ಎಣ್ಣೆ ಕಾಸಿ ತಿಕ್ಕಿ ಬಿಸಿ ಶಾಖ ಕೊಡುವುದು ವಾಡಿಕೆ. ಈ ರೋಗದಲ್ಲಿ ಪ್ರೀತಿಯಿಂದ ಮಾಡುವ ಆ ಉಪಚಾರವೇ ಕೇಡು. ಬೇಕಾದುದು ತಂಪು, ವಿಶ್ರಾಂತಿ, ಹದವಾದ ಕಟ್ಟು, ಕಾಲನ್ನು ಎತ್ತರಿಸಿ ಇಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಕೊರತೆಯಾದ ಫ್ಯಾಕ್ಟರನ್ನು ಆದಷ್ಟು ಬೇಗ ನರಕ್ಕೆ ಕೊಡುವುದು. ಆಸ್ಪಿರಿನ್ ಮಾತ್ರೆಯೂ ಮಾಂಸಖಂಡಕ್ಕೆ ಚುಚ್ಚುವ ಮದ್ದೂ ಇವರಿಗೆ ವರ್ಜ್ಯ.

ಇನ್ನು ತಂಗಿಯರ ಮಾತು. ರೋಗ ತೋರುವುದು ಬಹುಮಟ್ಟಿಗೆ ಗಂಡಸರಲ್ಲಿ. ಸಾಗಿ ಬರುವುದು ಹೆಣ್ಣುಮಕ್ಕಳ ಮೂಲಕ. ೧೮೦೩ರಲ್ಲಿಯೇ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜಾನ್ ಓಟೋ ಈ ಕ್ರಮವನ್ನು ಗುರುತಿಸಿ ಬರೆದಿದ್ದ. ದೋಷವನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ; ಪ್ರತಿಯೊಬ್ಬ ಮಗಳೂ ಅದನ್ನು ಹೊರುವ ಸಂಭವ ಅಷ್ಟೇ. ರೋಗವುಳ್ಳ ತಂದೆಯಿಂದ ಗಂಡುಮಕ್ಕಳಿಗೆ ಅದು ಬಾರದು. ಹೆಣ್ಣುಮಕ್ಕಳೆಲ್ಲರೂ ಅದನ್ನು ಹೊರುತ್ತಾರೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯಿಂದ ಇದು ಯೂರೋಪಿನ ಅರಮನೆಗಳಿಗೆ ಹಬ್ಬಿ, ರಷ್ಯದ ಕೊನೆಯ ದೊರೆಯ ಮಗ ಅಲೆಕ್ಸಿಯನ್ನೂ ಹಿಡಿದಿತ್ತು. ಅದು 'ಬಿ' ಬಗೆಯದೆಂದು ಅವರ ಅಸ್ಥಿಗಳ ಪರೀಕ್ಷೆಯಿಂದ ೨೦೦೯ರಲ್ಲಿ ಗೊತ್ತಾಯಿತು. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ, ಹೊಸದಾಗಿಯೇ ಹುಟ್ಟಿಕೊಂಡಿರುತ್ತದೆ. ಇದನ್ನು ತಿಳಿಯದ ನಾವು ತಾಯಿಯನ್ನು ದೂರುತ್ತೇವೆ, ಅವಳ ತವರನ್ನು ಜರೆಯುತ್ತೇವೆ. ನನ್ನ ವಿದ್ಯಾರ್ಥಿಯ ತಂಗಿಯರಿಗೆ ಆಗ ಗಂಡು ನೋಡುತ್ತಿದ್ದರು. ಅಣ್ಣನಿಗೆ ರಕ್ತದ ಕಾಯಿಲೆಯೆಂಬ ಸುದ್ದಿ ಊರಾಡಿದರೆ ಅವರ ಮದುವೆ ನಿಲ್ಲುತ್ತಿತ್ತು. ಅದಕ್ಕಾಗಿ ಅವನು ಸೋಮಾರಿಯೆನಿಸಿಕೊಳ್ಳಲು ಒಪ್ಪಿದ.

ಬಸ್ ನಿಲ್ದಾಣದ ಆ ಭೇಟಿಯ ತರುವಾಯ ಅವನೊಡನೆ ನಾನು ಇನ್ನೂ ಕೆಲವು ಮನೆಗಳಿಗೆ ಹೋಗಿಬಂದೆ. ಅವುಗಳಲ್ಲೊಂದು ಸಿದ್ದಾಪುರ ತಾಲೂಕಿನದು. ತಂದೆ ಇಲ್ಲ, ತಾಯಿ ಕೂಲಿಗೆ ಹೋಗುವವಳು. ಮಗನಿಗೆ ಆಗ ಒಂಬತ್ತು ವರ್ಷ. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಆ ಸಂಕದ ಮೇಲೆ ಗಟ್ಟಿ ಕಾಲಿನವರೂ ಎಚ್ಚರದಿಂದ ನಡೆಯಬೇಕು. ಶಾಲೆಯವರು ರೋಗದ ಹೆಸರು ಕೇಳಿ ಹೆದರಿದ್ದರು. 'ಹುಡುಗ ಬಿದ್ದರೆ ನಾವು ಹೊಣೆಯಲ್ಲ, ಯಾರಾದರೂ ಜತೆಗಿದ್ದರೆ ಬರಲಿ' ಎಂದಿದ್ದರು. ತಾಯಿ ಅವನನ್ನು ಸಂಕ ದಾಟಿಸಿ, ಶಾಲೆ ಬಿಡುವ ತನಕ ಜಗಲಿಯ ಮೇಲೆ ಕೂಡುತ್ತಿದ್ದಳು. ಕೂಡುವ ದಿನ ಕೂಲಿಯಿಲ್ಲ. ಕೂಲಿಗೆ ಹೋದ ದಿನ ಮಗನಿಗೆ ಶಾಲೆಯಿಲ್ಲ. 'ಎಂತ ಮಾಡೂದು ಮಾಸ್ತರೇ, ಇಂವ ಕಲಿಯದೇ ಇದ್ರೆ ನಾಳೆ ಇಂವನ ಹತ್ರ ಕೂಲಿ ಮಾಡೂಕೂ ಆಗೂದಿಲ್ಲ' ಎಂದಳು. ಈ ವಿಷಯದಲ್ಲಿ ನಾನು ಆಮೇಲೆ ಓದಿದ ಯಾವ ಬರಹವೂ ಆ ಮಾತಿಗಿಂತ ಹೆಚ್ಚಿನದನ್ನು ಹೇಳಲಿಲ್ಲ. ಮೈಮುರಿದು ದುಡಿಯಲಾರದವನಿಗೆ ಓದು ಅಲಂಕಾರವಲ್ಲ, ಅನ್ನ. ಆ ಓದನ್ನೇ ರೋಗ ಮೊದಲು ಕದಿಯುತ್ತದೆ.

ಕದಿಯುವ ರೀತಿಯೂ ಸೂಕ್ಷ್ಮವಾದುದು. ಹುಡುಗನ ಬುದ್ಧಿಗೆ ಏನೂ ಕುಂದಿಲ್ಲ. ಆದರೆ ಒಂದು ಕೀಲು ಊದಿದರೆ ನಾಲ್ಕೈದು ದಿನ, ಮದ್ದು ದೊರೆಯದಿದ್ದರೆ ಎರಡು ವಾರ. ಗಣಿತದಲ್ಲಿ ಭಿನ್ನರಾಶಿ ಆರಂಭವಾದ ದಿನ ಅವನಿಲ್ಲ. ಅವನು ಬಂದ ದಿನ ಭಿನ್ನರಾಶಿ ಮುಗಿದಿದೆ. ಬಲಮೊಣಕೈ ಊದಿದ್ದರೆ ಬಂದರೂ ಬರೆಯಲಾರ. ಡ್ರಿಲ್ಲಿನ ಹೊತ್ತಿಗೆ ಮರದ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತ ಕೂಡಬೇಕು. ಮನೆಯವರ ಅಂಜಿಕೆ ಇದಕ್ಕೆ ಕೂಡಿಕೊಂಡರೆ ಆರೋಗ್ಯವಿರುವ ದಿನಗಳಲ್ಲಿಯೂ ಅವನು ಜಗಲಿ ಇಳಿಯುವುದಿಲ್ಲ. ವೈದ್ಯರ ಮಾತು ಬೇರೆಯಿದೆ. ಗಟ್ಟಿ ಸ್ನಾಯುಗಳೇ ಕೀಲುಗಳಿಗೆ ಕಾವಲು. ಆದಕಾರಣ ಈಜು, ನಡಿಗೆ ಇವರಿಗೆ ಹಿತವೇ. ಕಬಡ್ಡಿಯಂತಹ ಮೈಗೆ ಮೈ ತಾಗುವ ಆಟ ಮಾತ್ರ ಬೇಡ.

ದುಡಿಮೆಯ ವಿಷಯಕ್ಕೆ ಬಂದರೆ, ನಮ್ಮ ಸೀಮೆಯ ಕಸುಬುಗಳೆಲ್ಲ ಕೀಲುಗಳ ಕಸುಬುಗಳು. ಮರ ಹತ್ತಿ ಕೊನೆ ಇಳಿಸಬೇಕು, ಮಳೆಯಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು, ಬೆಟ್ಟದಿಂದ ಸೊಪ್ಪಿನ ಹೊರೆ ತರಬೇಕು, ರಾತ್ರಿ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯಬೇಕು. ಸ್ವಂತ ತೋಟವಿದ್ದವನು ಆಳು ಇಟ್ಟು ಮಾಡಿಸಿಯಾನು. ಆದರೆ ಎರಡೆಕರೆ ತೋಟ ಆಳಿನ ಕೂಲಿಗೇ ಸರಿಹೋಗುತ್ತದೆ. ತೋಟವೇ ಇಲ್ಲದವನ ಪಾಡೇನು? ಯಲ್ಲಾಪುರದ ಕಡೆ ನಾನು ಕಂಡ ಒಬ್ಬರು, 'ಕುಳಿತು ಮಾಡುವ ಕೆಲಸ' ಎಂಬ ಹಿತವಚನ ಕೇಳಿ ಹೊಲಿಗೆ ಕಲಿತರು. ಯಂತ್ರವನ್ನು ತುಳಿದು ತುಳಿದು ಎರಡೂ ಹರಡುಗಳು ಊದತೊಡಗಿದವು. ಸಾಲ ಮಾಡಿ ಯಂತ್ರಕ್ಕೆ ವಿದ್ಯುತ್ ಮೋಟಾರು ಕೂಡಿಸಿದ ಮೇಲೆ ಬದುಕು ನೆಲೆಗೆ ನಿಂತಿತು. ಮೂರಂಗುಲದ ಒಂದು ಮೋಟಾರು ಒಬ್ಬ ಮನುಷ್ಯನ ಕಸುಬನ್ನು ಉಳಿಸಿತು. ಇಂಥವರಿಗೆ ಬೇಕಾದುದು ಕನಿಕರದ ಕೆಲಸವಲ್ಲ, ಕೆಲಸದಲ್ಲಿ ಒಂದಿಷ್ಟು ಬದಲಾವಣೆ.

ಈಗ ಮನೆಯ ಆಯವ್ಯಯ. ನನ್ನ ವಿದ್ಯಾರ್ಥಿಯ ತಂದೆ ಅಚ್ಚುಕಟ್ಟಾಗಿ ಲೆಕ್ಕ ಬರೆದಿಡುವವರಾಗಿದ್ದರು. ಆ ಹಳೆಯ ಪುಸ್ತಕಗಳನ್ನು ಮಗ ನನಗೆ ತೋರಿಸಿದ. 'ಔಷಧ' ಎಂಬ ಕಲಮಿನ ಕೆಳಗೆ ನಾನು ನಿರೀಕ್ಷಿಸಿದಷ್ಟು ಇರಲಿಲ್ಲ; ಕೊಳ್ಳಲು ಶಕ್ತಿಯೇ ಇರಲಿಲ್ಲವಷ್ಟೆ. ಮದ್ದಿನ ಅಳತೆಯನ್ನು ನೋಡಿ: ಎಂಟನೆಯ ಫ್ಯಾಕ್ಟರನ್ನು ದೇಹದ ತೂಕದ ಕಿಲೋ ಒಂದಕ್ಕೆ ೧ ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಶೇಕಡಾ ೨ ಏರುತ್ತದೆ. ೫೦ ಕಿಲೋ ತೂಕದ ಯುವಕನಲ್ಲಿ ಅದನ್ನು ಶೇಕಡಾ ೪೦ಕ್ಕೆ ಏರಿಸಬೇಕಾದರೆ ೧,೦೦೦ ಯೂನಿಟ್ ಬೇಕು. ಹನ್ನೆರಡು ಗಂಟೆಗಳೊಳಗಾಗಿ ಅದರಲ್ಲಿ ಅರ್ಧ ಕರಗಿಹೋಗುತ್ತದೆ. ಒಂದೊಂದು ಯೂನಿಟ್ಟಿಗೂ ಬೆಲೆ ಕಟ್ಟಿ ಮಾರುವ ವಸ್ತು ಇದು. ತಿಂಗಳಿಗೆ ಎರಡು ಮೂರು ಸಲವೆಂದರೆ ಸಣ್ಣ ಹಿಡುವಳಿದಾರನ ವರ್ಷದ ಉತ್ಪನ್ನ ಕೆಲವು ತಿಂಗಳಲ್ಲಿ ತೀರುತ್ತದೆ.

ಆ ಪುಸ್ತಕದಲ್ಲಿ ಪುಟಪುಟಕ್ಕೂ ಇದ್ದ ಮಾತು 'ಜೀಪಿನ ಬಾಡಿಗೆ'. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರು. ಜಿಲ್ಲಾಕೇಂದ್ರವಾದ ಕಾರವಾರ ಅದಕ್ಕೂ ದೂರ, ಘಟ್ಟದ ಕೆಳಗೆ. ಸಿದ್ದಾಪುರದವರು ಮೊದಲು ಶಿರಸಿಗೇ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು ಬರಬೇಕು. ರಾತ್ರಿ ಹನ್ನೊಂದಕ್ಕೆ ಹುಡುಗ ನರಳತೊಡಗಿದರೆ ಬಸ್ಸಿಲ್ಲ. ಜೀಪಿಗೆ ಹಣ ಬೇಕು. ಹಣಕ್ಕೆ ಸಹಕಾರಿ ಸಂಘದ ಸಾಲ, ಅದು ತೀರಿದರೆ ತಾಯಿಯ ಬಳೆ. ಅಡಿಕೆ ಬೆಳೆಗಾರರಿಗೆ ತಿಳಿದ ವಿಷಯ: ಅಡಿಕೆಯನ್ನು ಒಣಗಿಸಿ ಚಾಲಿ ಮಾಡಿ, ಧಾರಣೆ ಏರುವ ತನಕ ಕಾಯಬಲ್ಲವನಿಗೆ ನಾಲ್ಕು ಕಾಸು ಉಳಿಯುತ್ತದೆ. ಈ ಮನೆ ಎಂದೂ ಕಾಯಲಿಲ್ಲ. ಹಸಿ ಅಡಿಕೆಯನ್ನೇ ಸಿಕ್ಕ ಬೆಲೆಗೆ ಮಾರಿತು. ರೋಗದ ನಿಜವಾದ ವೆಚ್ಚ ಹೀಗೆ ಬೇರೆ ಬೇರೆ ಕಲಮುಗಳಲ್ಲಿ ಅಡಗಿ ಕುಳಿತಿತ್ತು. ಪುಸ್ತಕಕ್ಕೆ ಬಾರದೆ ಹೋದುದೂ ಉಂಟು. ತಂದೆ ಆಸ್ಪತ್ರೆಯ ಜಗಲಿಯಲ್ಲಿ ಕಳೆದ ದಿನಗಳು ಅಲ್ಲಿಲ್ಲ. ತಾಯಿ ಅಣ್ಣನೊಡನೆ ಆಸ್ಪತ್ರೆಯಲ್ಲಿದ್ದಾಗ ಮನೆ ಕೊಟ್ಟಿಗೆ ನೋಡಿಕೊಳ್ಳಲೆಂದು ದೊಡ್ಡ ತಂಗಿ ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟಳು, ಅದೂ ಅಲ್ಲಿಲ್ಲ. ಒಬ್ಬನ ರೋಗಕ್ಕೆ ಮನೆಯ ನಾಲ್ವರ ಗೈರುಹಾಜರಿ.

ಇಷ್ಟೇ ಆಗಿದ್ದರೆ ನಾನು ಈ ಮಾತುಗಳನ್ನು ನಿಮ್ಮ ಮುಂದೆ ಇಡುತ್ತಿರಲಿಲ್ಲ. ಕಾಲ ಬದಲಾಗಿದೆ, ಬದಲಾಗುತ್ತಲೂ ಇದೆ. ೧೯೬೦ರ ದಶಕದ ನಡುವಿನಲ್ಲಿ ಅಮೆರಿಕದ ವಿಜ್ಞಾನಿ ಜೂಡಿತ್ ಪೂಲ್ ಹೆಪ್ಪುಗಟ್ಟಿಸಿದ ರಕ್ತರಸವನ್ನು ಮೆಲ್ಲಗೆ ಕರಗಿಸಿ, ಎಂಟನೆಯ ಫ್ಯಾಕ್ಟರ್ ತುಂಬಿದ ಗಷ್ಟನ್ನು ಬೇರ್ಪಡಿಸುವ ಸುಲಭ ವಿಧಾನವನ್ನು ಕಂಡುಹಿಡಿದರು. ಆಮೇಲೆ ಪುಡಿಯ ರೂಪದ ಫ್ಯಾಕ್ಟರ್ ಬಂತು. ೧೯೮೦ರ ದಶಕದಲ್ಲಿ ಆ ಪುಡಿಯ ಮೂಲಕವೇ ಏಡ್ಸ್ ರೋಗಾಣು ಹಲವು ದೇಶಗಳ ಸಾವಿರಾರು ರೋಗಿಗಳಿಗೆ ತಗುಲಿದ್ದು ಈ ಚರಿತ್ರೆಯ ಕರಾಳ ಅಧ್ಯಾಯ. ಇಂದಿನ ಮದ್ದು ರೋಗಾಣುವನ್ನು ನಾಶಪಡಿಸಿ ತಯಾರಿಸಿದುದು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಚರ್ಮದ ಕೆಳಗೆ ಚುಚ್ಚಿ, ಹಿಮೋಫಿಲಿಯಾ 'ಎ' ಇರುವವರಲ್ಲಿ ರಕ್ತಸ್ರಾವವನ್ನು ಮುಂಚಿತವಾಗಿಯೇ ತಡೆಯುವ ಎಮಿಸಿಜುಮಾಬ್ ಎಂಬ ಔಷಧವೂ ಈಗ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಐವರು ರೋಗಿಗಳಿಗೆ ವಂಶವಾಹಿ ಚಿಕಿತ್ಸೆ ಮಾಡಿ ಅದರ ಫಲವನ್ನು ೨೦೨೪ರಲ್ಲಿ ಪ್ರಕಟಿಸಿದರು. ಎಲ್ಲರ ಕೈಗೆ ಅದು ಎಟುಕಲು ಇನ್ನೂ ಕಾಲ ಬೇಕು, ದಾರಿಯಂತೂ ಕಂಡಿದೆ.

ಮದ್ದಿಗಿಂತ ಮೊದಲು ಮನುಷ್ಯರು ಕೂಡಿಕೊಂಡರೆಂಬುದನ್ನೂ ನೆನೆಯಬೇಕು. ೧೯೬೩ರಲ್ಲಿ ಕೆನಡಾದ ಫ್ರಾಂಕ್ ಶ್ನಾಬೆಲ್ ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು ಕಟ್ಟಿದರು. ಅವರಿಗೂ ತೀವ್ರವಾದ ಹಿಮೋಫಿಲಿಯಾ ಇತ್ತು. ಅವರು ಹುಟ್ಟಿದ ಏಪ್ರಿಲ್ ೧೭ನ್ನು ೧೯೮೯ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಭಾರತದ ಒಕ್ಕೂಟ ೧೯೮೩ರಲ್ಲಿ ಹುಟ್ಟಿತು. ನಮ್ಮ ನಾಡಿನಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿಯವರೂ ಈ ರೋಗವನ್ನು ಹೊತ್ತೇ ವೈದ್ಯರಾದವರು, ವೈದ್ಯಕೀಯ ಪ್ರಾಧ್ಯಾಪಕರಾದವರು. ನನ್ನ ವಿದ್ಯಾರ್ಥಿಯ ಥರ್ಮಾಸಿನ ಸೀಸೆ ಬಂದದ್ದು ಆ ಊರಿನಿಂದ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಈಗ ಬಂದಿದೆ. ಮದ್ದಿಗೆ ಬೆಲೆಯಿಲ್ಲದಿದ್ದರೂ ದೂರಕ್ಕೆ ಬೆಲೆಯಿದೆ. ಕೀಲಿನಲ್ಲಿ ಚುಳುಕು ಕಂಡ ಎರಡು ಗಂಟೆಯೊಳಗೆ ಮದ್ದು ಮೈಗೆ ಸೇರಬೇಕೆನ್ನುತ್ತಾರೆ ತಜ್ಞರು. ಘಟ್ಟದ ಹಳ್ಳಿಯಿಂದ ಹೊರಟವನು ಆ ಹೊತ್ತಿಗೆ ಇನ್ನೂ ದಾರಿಯಲ್ಲಿರುತ್ತಾನೆ. ತಾಲೂಕು ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಸದಾ ನಾಲ್ಕು ಸೀಸೆ ಇದ್ದರೆ, ಮನೆಯಲ್ಲೊಬ್ಬರು ಅದನ್ನು ಚುಚ್ಚಲು ಕಲಿತರೆ, ಎರಡು ವಾರದ ಗೈರುಹಾಜರಿ ಎರಡು ದಿನಕ್ಕೆ ಇಳಿಯುತ್ತದೆ.

ಕಾನೂನೂ ಒಂದು ಹೆಜ್ಜೆ ಮುಂದೆ ಬಂದಿದೆ. ೧೯೯೫ರ ಅಂಗವಿಕಲರ ಕಾಯಿದೆ ಏಳು ನ್ಯೂನತೆಗಳನ್ನಷ್ಟೇ ಎಣಿಸಿತ್ತು. ೨೦೧೬ರ ಕಾಯಿದೆ ಇಪ್ಪತ್ತೊಂದನ್ನು ಎಣಿಸಿ ಹಿಮೋಫಿಲಿಯಾವನ್ನೂ ಸೇರಿಸಿತು. ನ್ಯೂನತೆ ಶೇಕಡಾ ೪೦ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಪತ್ರ ಪಡೆದವರಿಗೆ ಆರರಿಂದ ಹದಿನೆಂಟು ವರ್ಷದ ತನಕ ಉಚಿತ ಶಿಕ್ಷಣದ ಹಕ್ಕುಂಟು. ಸರ್ಕಾರಿ ಮತ್ತು ಅನುದಾನಿತ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ ೫ರಷ್ಟು ಮೀಸಲಾತಿಯುಂಟು. ಸರ್ಕಾರಿ ನೌಕರಿಯ ಶೇಕಡಾ ೪ರ ಮೀಸಲಾತಿಯ ಪಟ್ಟಿಯಲ್ಲಿ ಮಾತ್ರ ರಕ್ತದ ಕಾಯಿಲೆಗಳ ಹೆಸರಿಲ್ಲ. ಓದಲು ಬಾಗಿಲು ತೆರೆದು, ಓದಿದ ಮೇಲೆ ಹೊಸ್ತಿಲಲ್ಲಿ ನಿಲ್ಲಿಸಿದಂತಾಗಿದೆ. ಇದು ತಿದ್ದಬೇಕಾದ ಮಾತು.

ನನ್ನ ವಿದ್ಯಾರ್ಥಿ ಈಗ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಾನೆ. ಕಾಲು ಊದಿದ ದಿನ ಪುಸ್ತಕಗಳು ಮನೆಗೆ ಹೋಗುತ್ತವೆ. ಮಾಲಕರಿಗೆ ಅದರಿಂದ ನಷ್ಟವೇನೂ ಆಗಿಲ್ಲ. ಅವನಿಗೊಬ್ಬಳು ಮಗಳು. ತಾನು ಹೊತ್ತಿರುವುದೇನೆಂಬುದನ್ನು ಅವಳಿಗೆ ಹತ್ತನೆಯ ತರಗತಿಯಲ್ಲೇ ತಿಳಿಸಿದ್ದಾನೆ. 'ಮುಚ್ಚಿಟ್ಟು ನಮ್ಮ ಮನೆ ಕಳಕೊಂಡದ್ದು ಸಾಕು ಸರ್' ಎನ್ನುತ್ತಾನೆ.

ಒಮ್ಮೆ ಅವನ ಜಗಲಿಯ ಮೇಲೆ ಕುಳಿತು, ನಾನು ಹಾಕಿದ ಆ ರುಜುವಿಗೆ ಕ್ಷಮೆ ಕೇಳಿದೆ. 'ನೀವು ಕೇಳಿದ್ದಿರಿ ಸರ್, ನಾನೇ ಹೇಳಲಿಲ್ಲ' ಎಂದ. ಆ ಮಾತು ಅವನ ದೊಡ್ಡತನ. ಅರವತ್ತು ಮಂದಿಯ ಎದುರಿಗೆ, ಪಾಠದ ನಡುವೆ, ನಗುತ್ತ ಕೇಳಿದ್ದೆ ನಾನು. ಬಾಗಿಲ ಹೊರಗೆ ಒಬ್ಬನನ್ನೇ ಕರೆದು ಒಂದು ಸಲ ಕೇಳಿದ್ದರೆ ಅವನು ಹೇಳುತ್ತಿದ್ದನೋ ಏನೋ. ಹಾಜರಿ ಪುಸ್ತಕ ಈಗ ನನ್ನ ಕೈಯಲ್ಲಿಲ್ಲ. ಅದು ಯಾರ ಕೈಯಲ್ಲಿದೆಯೋ ಅವರು, ಕೆಂಪು ಶಾಯಿಯ ಗೆರೆ ಎಳೆಯುವ ಮುನ್ನ, ಆ ಒಂದು ಸಲ ಕೇಳಿದರೆ ನನ್ನ ಈ ಮಾತು ಸಾರ್ಥಕ.